ಟ್ಯಾಬ್ ರೂಟ್ ಮಾಡುವ ಲೆಕ್ಕ ತಲೆಕೆಳಗಾದ ಬಗೆ

ದುಡ್ಡು ಕೊಟ್ಟು ತಂದ ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ಕೊಂಡವರಿಗೆ ಸಿಗುವುದು ಅರ್ಧಂಬರ್ಧ ಅಧಿಕಾರ. ಕಂಪನಿ ಮೊದಲೇ ತುಂಬಿಸಿಟ್ಟ ಆ್ಯಪ್‌ಗಳನ್ನು ಬುಡಸಮೇತ ಕಿತ್ತುಹಾಕುವ ಹಾಗಿಲ್ಲ, ಸಿಸ್ಟಮ್ ಫೈಲ್‌ಗಳನ್ನು ತಿದ್ದುವ ಹಾಗಿಲ್ಲ, ಯಾವ ಆ್ಯಪ್ ತನ್ನೊಳಗೆ ಏನು ಬರೆದಿಟ್ಟುಕೊಂಡಿದೆ ಎಂದು ಇಣುಕುವ ಹಾಗೂ ಇಲ್ಲ. ಈ ತಡೆಗಳನ್ನೆಲ್ಲ ದಾಟಿ ಇಡೀ ವ್ಯವಸ್ಥೆಯ ಯಜಮಾನಿಕೆ ಪಡೆಯುವ ಕೆಲಸಕ್ಕೆ ರೂಟ್ ಮಾಡುವುದು ಎಂದು ಹೆಸರು. ಹತ್ತು ಹನ್ನೆರಡು ವರ್ಷದ ಹಿಂದೆ ತಂತ್ರಜ್ಞಾನದ ಗೀಳಿದ್ದ ಹುಡುಗರೆಲ್ಲ ಮಾಡುತ್ತಿದ್ದ ಕೆಲಸವಿದು. ಆಗ ಹೇಳುತ್ತಿದ್ದ ಲಾಭ ನಷ್ಟಗಳ ಪಟ್ಟಿಯೇ ಇವತ್ತಿಗೂ ಓಡಾಡುತ್ತಿದೆ: ಜಾಹೀರಾತು ತಡೆಯಬಹುದು, ಬ್ಯಾಟರಿ ಉಳಿಸಬಹುದು, ಆದರೆ ವಾರಂಟಿ ಹೋಗುತ್ತದೆ, ಎಚ್ಚರ ತಪ್ಪಿದರೆ ಟ್ಯಾಬ್ ಸತ್ತೇ ಹೋಗಬಹುದು. ಈ ಪಟ್ಟಿಗೆ ವಯಸ್ಸಾಗಿದೆ. ಅಂದು ಲಾಭದ ಕಡೆ ಇದ್ದ ಬಹುಪಾಲು ಸಂಗತಿಗಳು ಇಂದು ರೂಟ್ ಇಲ್ಲದೆಯೇ ಸಿಗುತ್ತವೆ. ಅಂದು ಸಾಧನಕ್ಕಷ್ಟೇ ಇದ್ದ ಅಪಾಯ ಇಂದು ಸಾಧನ ಹಿಡಿದವರ ಹಣ, ಖಾತೆ, ಗುರುತಿನವರೆಗೆ ಬಂದಿದೆ. ಆದ್ದರಿಂದ ದಿನಬಳಕೆಯ ಟ್ಯಾಬನ್ನು ರೂಟ್ ಮಾಡುವುದು ಈಗ ನಷ್ಟದ ಬಾಬತ್ತು ಎಂಬುದು ಈ ಲೇಖನದ ವಾದ. ಕಂಪನಿಯೇ ಕೈಬಿಟ್ಟ ಹಳೆಯ ಟ್ಯಾಬ್‌ನ ವಿಷಯ ಬೇರೆ. ಅಲ್ಲಿಯೂ ನಮಗೆ ಬೇಕಾಗಿರುವುದು ರೂಟ್ ಅಲ್ಲ, ಟ್ಯಾಬ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶವಾದ ಬೂಟ್‌ಲೋಡರಿನ ಬೀಗ ತೆಗೆಯುವ ಹಕ್ಕು.

ಮೊದಲು ಒಳಗಿನ ಏರ್ಪಾಡನ್ನು ನೋಡೋಣ. ಆಂಡ್ರಾಯ್ಡ್‌ನ ತಳದಲ್ಲಿರುವುದು ಲಿನಕ್ಸ್ ಕರ್ನೆಲ್. ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುತ್ತಿದ್ದ ಕಾಲದ ಪರಂಪರೆ ಅದರದು. ಪ್ರತಿ ಬಳಕೆದಾರರಿಗೂ ಒಂದೊಂದು ಸಂಖ್ಯೆ, ಒಬ್ಬರ ಫೈಲಿಗೆ ಇನ್ನೊಬ್ಬರು ಕೈಹಾಕದಂತೆ ಕಾವಲು. ಆಂಡ್ರಾಯ್ಡ್ ರೂಪಿಸಿದವರು ಈ ಹಳೆಯ ಏರ್ಪಾಡನ್ನು ಜಾಣತನದಿಂದ ತಿರುಗಿಸಿಕೊಂಡು, ಮನುಷ್ಯರ ಬದಲು ಒಂದೊಂದು ಆ್ಯಪ್‌ಗೂ ಒಂದೊಂದು ಬಳಕೆದಾರ ಸಂಖ್ಯೆ ಕೊಟ್ಟರು. ಹೀಗಾಗಿ ಟ್ಯಾಬ್‌ನ ಒಳಗೆ ಆ್ಯಪ್‌ಗಳು ವಠಾರದ ಬಾಡಿಗೆದಾರರಂತೆ ಇರುತ್ತವೆ. ನಲ್ಲಿ, ಅಂಗಳ ಎಲ್ಲರದು, ಮನೆ ಬಾಗಿಲಿನ ಬೀಗ ಮಾತ್ರ ಅವರವರದು. ಟಾರ್ಚ್ ಆ್ಯಪ್‌ಗೆ ಬ್ಯಾಂಕ್ ಆ್ಯಪ್‌ನ ಫೈಲುಗಳು ಕಾಣುವುದೇ ಇಲ್ಲ. ಸೊನ್ನೆ ಸಂಖ್ಯೆಯ ಬಳಕೆದಾರ, ಅಂದರೆ ರೂಟ್, ಮಾತ್ರ ಈ ಕಟ್ಟಳೆಗೆ ಹೊರಗು. ಎಲ್ಲ ಬಾಗಿಲೂ ತೆರೆಯುವ ಕೀಲಿ ಅದರ ಬಳಿ ಇರುತ್ತದೆ. ಮಾರುಕಟ್ಟೆಗೆ ಬರುವ ಟ್ಯಾಬ್‌ನಲ್ಲಿ ಆ ಕೀಲಿಯನ್ನು ಯಾರ ಕೈಗೂ ಕೊಟ್ಟಿರುವುದಿಲ್ಲ. ರೂಟ್ ಮಾಡುವುದೆಂದರೆ ಅದನ್ನು ಮಾಡಿಸಿಕೊಂಡು, ಕೇಳಿದ ಆ್ಯಪ್‌ಗೆ ನಮ್ಮ ಒಪ್ಪಿಗೆಯ ಮೇಲೆ ಕೊಡುವುದು. ಅದನ್ನು ಪಡೆಯಲು ಎರಡು ದಾರಿ. ಒಂದು, ತಯಾರಕರೇ ಬಿಟ್ಟುಕೊಟ್ಟಿರುವ ವಿಧಾನದಲ್ಲಿ ಬೂಟ್‌ಲೋಡರ್ ಅನ್‌ಲಾಕ್ ಮಾಡಿ ಒಳಗೆ ಹೋಗುವುದು. ಇನ್ನೊಂದು, ವ್ಯವಸ್ಥೆಯ ಯಾವುದೋ ದೋಷವನ್ನು ಬಳಸಿಕೊಂಡು ನುಸುಳುವುದು. ಇವೆರಡರ ವ್ಯತ್ಯಾಸವನ್ನು ಮರೆತು ಮಾತಾಡುವುದರಿಂದಲೇ ಈ ಚರ್ಚೆ ಬಹಳ ಸಲ ದಿಕ್ಕು ತಪ್ಪುತ್ತದೆ.

ಆರಂಭದ ದಿನಗಳಲ್ಲಿ ರೂಟ್ ಮಾಡಿದವರು ಹುಚ್ಚರಾಗಿರಲಿಲ್ಲ. 2010ರ ಕೊನೆಯಲ್ಲಿ ಅಮೆರಿಕದ ಪುಸ್ತಕ ಮಾರಾಟ ಸಂಸ್ಥೆ ಬಾರ್ನ್ಸ್ ಆ್ಯಂಡ್ ನೋಬಲ್ 249 ಡಾಲರಿಗೆ ನೂಕ್ ಕಲರ್ ಎಂಬ ಏಳು ಇಂಚಿನ ಇ-ರೀಡರ್ ತಂದಿತು. ಒಳಗಿದ್ದದ್ದು ಆಂಡ್ರಾಯ್ಡ್, ಆದರೆ ಗೂಗಲ್‌ನ ಆ್ಯಪ್ ಅಂಗಡಿಗೆ ಅದರಲ್ಲಿ ಪ್ರವೇಶವಿರಲಿಲ್ಲ. ರೂಟ್ ಮಾಡಿದರೆ ಅದೇ ಪುಸ್ತಕದ ಹಲಗೆ ಪೂರ್ಣ ಪ್ರಮಾಣದ ಟ್ಯಾಬ್ ಆಗುತ್ತಿತ್ತು. ಐಪ್ಯಾಡ್‌ನ ಆರಂಭದ ಬೆಲೆ 499 ಡಾಲರ್ ಇದ್ದ ಕಾಲವದು. ನೂಕ್ ಕಲರ್ ಒಳಗಿನ ಸಂಗ್ರಹಕ್ಕಿಂತ ಮೊದಲು ಮೈಕ್ರೊ ಎಸ್‌ಡಿ ಕಾರ್ಡ್‌ನಿಂದ ಚಾಲೂ ಆಗಲು ನೋಡುತ್ತಿದ್ದುದರಿಂದ ಏನೇ ಎಡವಟ್ಟಾದರೂ ಇನ್ನೊಂದು ಕಾರ್ಡ್ ಹಾಕಿ ಬದುಕಿಸಿಕೊಳ್ಳಬಹುದಿತ್ತು. ಇಷ್ಟು ಕಡಿಮೆ ಅಪಾಯದಲ್ಲಿ ಇಷ್ಟು ದೊಡ್ಡ ಲಾಭ ಮುಂದೆ ಇನ್ನಾವ ಟ್ಯಾಬ್‌ನಲ್ಲಾದರೂ ಸಿಕ್ಕಿತೋ ಅನುಮಾನ. ಮರುವರ್ಷ 199 ಡಾಲರಿಗೆ ಬಂದ ಅಮೆಜಾನ್‌ನ ಕಿಂಡಲ್ ಫೈರ್ ಕತೆಯೂ ಹೆಚ್ಚುಕಡಿಮೆ ಇದೇ. ಎಚ್‌ಪಿ ಟಚ್‌ಪ್ಯಾಡ್ ಅಂತೂ 2011ರ ಜುಲೈನಲ್ಲಿ ಮಾರುಕಟ್ಟೆಗೆ ಬಂದು ಆಗಸ್ಟ್‌ನಲ್ಲಿ ತಯಾರಿಕೆ ನಿಂತು 99 ಡಾಲರಿಗೆ ಬಿಕರಿಯಾಯಿತು. ಅದರಲ್ಲಿದ್ದದ್ದು ಆಂಡ್ರಾಯ್ಡ್ ಅಲ್ಲ, ವೆಬ್‌ಓಎಸ್ ಎಂಬ ಬೇರೆಯೇ ಕಾರ್ಯವ್ಯವಸ್ಥೆ. ಆಂಡ್ರಾಯ್ಡ್‌ನ ಬದಲಿ ಆವೃತ್ತಿ ರೂಪಿಸುತ್ತಿದ್ದ ಸಯನೋಜೆನ್‌ಮಾಡ್ ತಂಡದ ಸ್ವಯಂಸೇವಕರು ಕೆಲವೇ ತಿಂಗಳಲ್ಲಿ ಅದರೊಳಗೆ ಆಂಡ್ರಾಯ್ಡ್ ಕೂರಿಸಿ, ತಯಾರಿಸಿದ ಕಂಪನಿಯೇ ಸತ್ತಿತೆಂದು ಘೋಷಿಸಿದ ವಸ್ತುವಿಗೆ ಹಲವು ವರ್ಷದ ಆಯಸ್ಸು ಕೊಟ್ಟರು.

ಕನ್ನಡ ಓದುಗರಿಗೆ ಇನ್ನೂ ಹತ್ತಿರದ ಕಾರಣವೊಂದಿತ್ತು. ಆಂಡ್ರಾಯ್ಡ್‌ಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡ, ತೆಲುಗು, ಮಲಯಾಳಗಳ ಬೆಂಬಲವನ್ನು ಗೂಗಲ್ ಸೇರಿಸಿದ್ದು 2012ರ ಮಧ್ಯದಲ್ಲಿ ಬಂದ 4.1ನೇ ಆವೃತ್ತಿಯಲ್ಲಿ. ಕೇಂದ್ರ ಸರ್ಕಾರ 2011ರ ಅಕ್ಟೋಬರ್‌ನಲ್ಲಿ ಬಹಳ ಸದ್ದಿನೊಂದಿಗೆ ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ ಆಂಡ್ರಾಯ್ಡ್ 2.2ರದು. ಇಂಥ ಹಳೆಯ ಆವೃತ್ತಿಗಳಲ್ಲಿ, ತಯಾರಕರು ತಾವೇ ಮುತುವರ್ಜಿ ವಹಿಸಿ ಸೇರಿಸದಿದ್ದರೆ, ಕನ್ನಡದ ಪುಟ ತೆರೆದರೆ ಸಾಲುಸಾಲು ಚೌಕಗಳು ಕಾಣುತ್ತಿದ್ದವು. ಆಪೆರಾ ಮಿನಿ ಬ್ರೌಸರಿನ ಒಂದು ಮರೆಯ ಸೆಟ್ಟಿಂಗ್ ಅಕ್ಷರಗಳನ್ನು ಚಿತ್ರಗಳಾಗಿ ತರಿಸಿ ತೋರಿಸುತ್ತಿತ್ತು, ಓದುವವರು ಅದರಲ್ಲೇ ಸುಧಾರಿಸಿಕೊಳ್ಳುತ್ತಿದ್ದರು. ಉಳಿದ ಆ್ಯಪ್‌ಗಳಲ್ಲೂ ಕನ್ನಡ ಬೇಕೆಂದರೆ ಸಿಸ್ಟಮ್‌ನ ಫಾಂಟ್ ಕಡತಕೋಶಕ್ಕೆ ಕನ್ನಡದ ಫಾಂಟ್ ಸೇರಿಸಬೇಕಿತ್ತು, ಅದಕ್ಕೆ ರೂಟ್ ಬೇಕೇ ಬೇಕಿತ್ತು. ಅಷ್ಟು ಮಾಡಿದರೂ ಮೂಲಾಕ್ಷರಗಳು ಕಾಣಿಸಿಕೊಳ್ಳುತ್ತಿದ್ದವೇ ಹೊರತು ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರುತ್ತಿರಲಿಲ್ಲ. ಅಕ್ಷರ ಜೋಡಿಸುವ ತಂತ್ರಾಂಶವೇ ಒಳಗಿರಲಿಲ್ಲವಲ್ಲ! ತಮ್ಮ ನುಡಿಯನ್ನು ಓದಲು ಸಾಧನದ ಬೀಗ ಒಡೆಯಬೇಕಾಗಿ ಬಂದದ್ದು ಬಳಕೆದಾರರ ತಪ್ಪಲ್ಲ. ರೂಟ್‌ನ ಪರವಾಗಿ ಇದಕ್ಕಿಂತ ಗಟ್ಟಿಯಾದ ವಾದ ನನಗೆ ತೋಚುವುದಿಲ್ಲ.

ಆ ಕಾಲದ ಅಪಾಯವೂ ನೇರವಾದದ್ದು. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಟ್ಯಾಬ್ 2ರ ಏಳಿಂಚಿನ ಮಾದರಿಯಲ್ಲಿ 3ಜಿ ಇದ್ದದ್ದು ಪಿ3100, ವೈಫೈ ಮಾತ್ರ ಇದ್ದದ್ದು ಪಿ3110. ನೋಡಲು ಎರಡೂ ಒಂದೇ. ಒಂದರ ಫೈಲನ್ನು ಇನ್ನೊಂದಕ್ಕೆ ಹಾಕಿದರೆ ಫಜೀತಿ. ಲೋಗೋ ತೋರಿಸಿ ಮತ್ತೆ ಮತ್ತೆ ರೀಸ್ಟಾರ್ಟ್ ಆಗುವ ಸ್ಥಿತಿಗೆ ಬಂದರೆ ಕಂಪ್ಯೂಟರಿಗೆ ಜೋಡಿಸಿ ಮೂಲ ಫರ್ಮ್‌ವೇರ್ ಮರಳಿ ಹಾಕಿ ಎಬ್ಬಿಸಬಹುದು, ಬೂಟ್‌ಲೋಡರೇ ಕೆಟ್ಟರೆ ಮಾತ್ರ ಟ್ಯಾಬ್ ಇಟ್ಟಿಗೆಯಾಯಿತು ಎಂದೇ ಲೆಕ್ಕ. ವಾರಂಟಿ ಕೇಳಲು ಹೋದರೆ ಅನಧಿಕೃತ ತಂತ್ರಾಂಶ ಹಾಕಿದ್ದೀರಿ ಎಂಬ ಉತ್ತರ ಸಿದ್ಧವಿರುತ್ತಿತ್ತು. ಇಷ್ಟಾದರೂ ನಷ್ಟಕ್ಕೆ ಒಂದು ಮಿತಿಯಿತ್ತು. ಹೆಚ್ಚೆಂದರೆ ಟ್ಯಾಬ್‌ನ ಬೆಲೆ ಹೋಗುತ್ತಿತ್ತು. ಅದರಲ್ಲಿ ಬ್ಯಾಂಕ್ ಇರಲಿಲ್ಲ, ಆಧಾರ್ ಇರಲಿಲ್ಲ, ಯುಪಿಐ ಇನ್ನೂ ಹುಟ್ಟಿರಲಿಲ್ಲ.

ಮುಂದಿನ ಹತ್ತು ವರ್ಷದಲ್ಲಿ ಗೂಗಲ್ ಸದ್ದಿಲ್ಲದೆ ಮಾಡಿದ್ದೇನೆಂದರೆ, ಜನ ಯಾವುದಕ್ಕಾಗಿ ರೂಟ್ ಮಾಡುತ್ತಿದ್ದರೋ ಅದನ್ನೆಲ್ಲ ಒಂದೊಂದಾಗಿ ಆಂಡ್ರಾಯ್ಡ್‌ನೊಳಕ್ಕೆ ಎಳೆದುಕೊಂಡದ್ದು. ಸ್ಕ್ರೀನ್‌ಶಾಟ್ ತೆಗೆಯುವುದು, ಬೇಡದ ಆ್ಯಪನ್ನು ನಿಷ್ಕ್ರಿಯ ಮಾಡುವುದು 4.0ರಲ್ಲೇ ಬಂತು. ಆ್ಯಪ್‌ಗೆ ಕ್ಯಾಮೆರಾ ಕೊಟ್ಟು ಸಂಪರ್ಕಪಟ್ಟಿ ಕೊಡದಿರುವ ಸ್ವಾತಂತ್ರ್ಯ 2015ರ 6.0ರಲ್ಲಿ ದಕ್ಕಿತು. ಮೆಮೊರಿ ಕಾರ್ಡನ್ನು ಒಳಸಂಗ್ರಹದಂತೆ ಬಳಸುವ ಸೌಲಭ್ಯವೂ ಅದರೊಡನೆಯೇ ಬಂತು. 2018ರಲ್ಲಿ ಬಂದ ಆಂಡ್ರಾಯ್ಡ್ 9ರ ಪ್ರೈವೇಟ್ ಡಿಎನ್‌ಎಸ್‌ನಲ್ಲಿ ಜಾಹೀರಾತು ಸೋಸುವ ಸೇವೆಯೊಂದರ ವಿಳಾಸ ತುಂಬಿದರೆ ಬಹುಪಾಲು ಜಾಹೀರಾತುಗಳು ರೂಟ್ ಇಲ್ಲದೆಯೇ ನಿಲ್ಲುತ್ತವೆ. ಸ್ಕ್ರೀನ್ ರೆಕಾರ್ಡಿಂಗ್ 11ರಲ್ಲಿ ಸೇರಿತು. ಕಂಪನಿ ತುಂಬಿದ ಆ್ಯಪ್‌ಗಳನ್ನು ಯುಎಸ್‌ಬಿ ಡೀಬಗ್ಗಿಂಗ್ ಮೂಲಕ ಕಂಪ್ಯೂಟರಿನಿಂದ ಒಂದು ಆದೇಶ ಕೊಟ್ಟು ನಮ್ಮ ಖಾತೆಯ ಮಟ್ಟಿಗೆ ತೆಗೆದುಹಾಕಬಹುದು. ಇಷ್ಟೆಲ್ಲ ಕಳೆದ ಮೇಲೆ ರೂಟ್‌ಗೇ ಮೀಸಲಾಗಿ ಉಳಿಯುವುದು ಕೆಲವೇ ಕೆಲಸ: ಆ್ಯಪ್‌ನ ಎಲ್ಲ ದತ್ತಾಂಶವನ್ನೂ ಯಥಾವತ್ತು ಬ್ಯಾಕಪ್ ಮಾಡಿಕೊಳ್ಳುವುದು, ಪ್ರೊಸೆಸರ್ ವೇಗ ತಿದ್ದುವುದು, ಅಂಗಡಿ ಕೌಂಟರಿನಲ್ಲಿ ಹಗಲೂರಾತ್ರಿ ಚಾರ್ಜಿಗೆ ಹಾಕಿಯೇ ಇಡುವ ಹಳೆಯ ಟ್ಯಾಬ್‌ನ ಬ್ಯಾಟರಿ ಶೇ 80ರ ಮೇಲೆ ತುಂಬದಂತೆ ತಡೆಯುವುದು. ಉಪಯುಕ್ತವೇ, ಆದರೆ ಎಲ್ಲರಿಗೂ ಬೇಕಾದವಲ್ಲ.

ಲಾಭದ ಕಡೆ ಸೊರಗುತ್ತಿದ್ದಂತೆ ನಷ್ಟದ ಕಡೆ ದಪ್ಪವಾಗುತ್ತ ಹೋಯಿತು. ಟ್ಯಾಬ್ ಶುರುವಾಗುವಾಗ ಒಂದೊಂದು ಹಂತವೂ ಮುಂದಿನದು ಅಸಲಿಯೇ ಎಂದು ಸಹಿ ಪರೀಕ್ಷಿಸುವ ವ್ಯವಸ್ಥೆ ಆಂಡ್ರಾಯ್ಡ್ 4.4ರಿಂದ ಬೆಳೆಯುತ್ತ ಬಂದು 7.0ರ ಹೊತ್ತಿಗೆ ಕಡ್ಡಾಯವಾಯಿತು. ಬೂಟ್‌ಲೋಡರ್ ಅನ್‌ಲಾಕ್ ಮಾಡಿದ ಗಳಿಗೆಯಲ್ಲಿ ಒಳಗಿನ ದತ್ತಾಂಶವೆಲ್ಲ ಅಳಿಸಿಹೋಗುತ್ತದೆ, ಆಮೇಲೆ ಪ್ರತಿ ಸಲ ಆನ್ ಮಾಡಿದಾಗಲೂ ಈ ಸಾಧನವನ್ನು ನಂಬಲಾಗದು ಎಂಬರ್ಥದ ಎಚ್ಚರಿಕೆ ತೆರೆಯ ಮೇಲೆ ಬರುತ್ತದೆ. ಸ್ಯಾಮ್‌ಸಂಗ್ ಸಾಧನಗಳಲ್ಲಿ ಅನಧಿಕೃತ ತಂತ್ರಾಂಶ ಹೊಕ್ಕೊಡನೆ ನಾಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಎಲೆಕ್ಟ್ರಾನಿಕ್ ಫ್ಯೂಸ್ ಒಂದು ಸುಟ್ಟುಹೋಗುತ್ತದೆ. ಮೂಲ ತಂತ್ರಾಂಶವನ್ನೇ ಮರಳಿ ಹಾಕಿದರೂ ಅದು ಸರಿಹೋಗದು, ಸೆಕ್ಯೂರ್ ಫೋಲ್ಡರ್‌ನಂಥ ಸೌಲಭ್ಯಗಳು ಕಾಯಮ್ಮಾಗಿ ಕೈತಪ್ಪುತ್ತವೆ. ಟ್ಯಾಬ್ ಕೊಳ್ಳುವವರಲ್ಲಿ ಬಹಳ ಜನ ಕೊಳ್ಳುವುದೇ ಸಿನಿಮಾ ನೋಡಲು. ಅನ್‌ಲಾಕ್ ಆದ ಹಲವು ಸಾಧನಗಳಲ್ಲಿ ವೈಡ್‌ವೈನ್ ಎಂಬ ನಕಲುತಡೆ ವ್ಯವಸ್ಥೆ ಮೇಲಿನ ದರ್ಜೆಯಿಂದ ಕೆಳದರ್ಜೆಗೆ ಇಳಿಯುತ್ತದೆ, ನೆಟ್‌ಫ್ಲಿಕ್ಸ್‌ನಂಥ ಸೇವೆಗಳ ಎಚ್‌ಡಿ ಚಿತ್ರ ನಿಂತುಹೋಗುತ್ತದೆ. ಅದೇ ತಿಂಗಳ ಚಂದಾ ಕಟ್ಟಿ ಮಸುಕು ಚಿತ್ರ ನೋಡಬೇಕು. ಬ್ಯಾಂಕ್ ಮತ್ತು ಪಾವತಿ ಆ್ಯಪ್‌ಗಳು ಮೊದಲು ಸೇಫ್ಟಿನೆಟ್, ಈಗ ಪ್ಲೇ ಇಂಟೆಗ್ರಿಟಿ ಎಂಬ ಗೂಗಲ್‌ನ ಪರೀಕ್ಷೆಯನ್ನು ಕೇಳಿ, ಸಾಧನ ಅದರಲ್ಲಿ ಫೇಲಾದರೆ ಬಾಗಿಲು ಹಾಕಿಕೊಳ್ಳುತ್ತವೆ.

ಇವೆಲ್ಲ ಅನಾನುಕೂಲಗಳಷ್ಟೇ. ನಿಜವಾದ ಅಪಾಯ ಬೇರೆಡೆ ಇದೆ, ಅದಕ್ಕೆ ಟವೆಲ್‌ರೂಟ್‌ನ ಕತೆಯೇ ಸಾಕ್ಷಿ. 2014ರಲ್ಲಿ ಜಾರ್ಜ್ ಹಾಟ್ಜ್ ಎಂಬ ಪ್ರಸಿದ್ಧ ಹ್ಯಾಕರ್ ಲಿನಕ್ಸ್ ಕರ್ನೆಲ್‌ನ ಒಂದು ದೋಷ ಬಳಸಿ, ಒಂದೇ ಗುಂಡಿ ಒತ್ತಿ ರೂಟ್ ಮಾಡುವ ಆ್ಯಪ್ ಬಿಡುಗಡೆ ಮಾಡಿದರು. ಬಳಕೆದಾರರು ಸಂಭ್ರಮಿಸಿದರು. ಎರಡು ವರ್ಷ ಕಳೆದು 2016ರಲ್ಲಿ ಗಾಡ್‌ಲೆಸ್ ಎಂಬ ದುರುದ್ದೇಶದ ತಂತ್ರಾಂಶ ಪತ್ತೆಯಾಯಿತು. ಸಾಮಾನ್ಯ ಆ್ಯಪ್‌ಗಳ ವೇಷದಲ್ಲಿ ಒಳಹೊಕ್ಕು, ಪರದೆ ಆರಿದ ಮೇಲೆ ಸಾಧನವನ್ನು ಗುಟ್ಟಾಗಿ ರೂಟ್ ಮಾಡಿಬಿಡುತ್ತಿತ್ತು. ಅದು ಬಳಸುತ್ತಿದ್ದ ಅಸ್ತ್ರಗಳಲ್ಲಿ ಒಂದು ಇದೇ ಟವೆಲ್‌ರೂಟ್. ಟ್ರೆಂಡ್ ಮೈಕ್ರೊ ಸಂಸ್ಥೆಯ ಅಂದಾಜಿನಂತೆ ಜಗತ್ತಿನಾದ್ಯಂತ ಎಂಟೂವರೆ ಲಕ್ಷಕ್ಕೂ ಹೆಚ್ಚು ಸಾಧನಗಳು ಅದಕ್ಕೆ ಸಿಕ್ಕಿದ್ದವು, ಅವುಗಳಲ್ಲಿ ಅರ್ಧದ ಸಮೀಪ ಭಾರತದವು. ಅದೇ ವರ್ಷದ ನವೆಂಬರ್‌ನಲ್ಲಿ ಚೆಕ್ ಪಾಯಿಂಟ್ ಸಂಸ್ಥೆ ಬಯಲು ಮಾಡಿದ ಗೂಲಿಗನ್ ಕೂಡ ಟವೆಲ್‌ರೂಟ್ ಹಿಡಿದೇ ಆಂಡ್ರಾಯ್ಡ್ 4 ಮತ್ತು 5ರ ಸಾಧನಗಳನ್ನು ಹೊಕ್ಕು ಹತ್ತು ಲಕ್ಷಕ್ಕೂ ಹೆಚ್ಚು ಗೂಗಲ್ ಖಾತೆಗಳಿಗೆ ಕನ್ನ ಹಾಕಿತ್ತು. ಒಂದೇ ಕ್ಲಿಕ್ಕಿನಲ್ಲಿ ರೂಟ್ ಆಗುವ ಟ್ಯಾಬ್ ಎಂದರೆ ತೇಪೆ ಹಾಕದ ತೂತಿರುವ ಟ್ಯಾಬ್. ಆ ತೂತಿಗೆ ನಾವು ಯಾರು, ಕಳ್ಳ ಯಾರು ಎಂಬುದು ತಿಳಿಯದು. ಪುಕ್ಕಟೆ ಸಿಗುವ ಇಂಥ ರೂಟ್ ಆ್ಯಪ್‌ಗಳಲ್ಲಿ ಹಲವು ಒಳಗೆ ಏನು ಮಾಡುತ್ತವೆ ಎಂದು ಪರೀಕ್ಷಿಸಲು ಮೂಲ ಸಂಕೇತವನ್ನೂ ಕೊಡುವುದಿಲ್ಲ. ಎಲ್ಲ ಬಾಗಿಲ ಕೀಲಿ ಮಾಡಿಕೊಡುವ ಅನಾಮಿಕರ ಬಳಿ ಅದರ ಇನ್ನೊಂದು ಪ್ರತಿ ಉಳಿದಿಲ್ಲ ಎಂದು ನಂಬಲು ಆಧಾರವೇನು?

ಇದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದು. ಕಂಪ್ಯೂಟರಿನಲ್ಲಿ ಮಾಲೀಕನಿಗೆ ಪೂರ್ತಿ ಅಧಿಕಾರವಿದೆ, ಯಾರೂ ಅದನ್ನು ಅಪರಾಧದಂತೆ ನೋಡುವುದಿಲ್ಲ; ಟ್ಯಾಬ್‌ಗೆ ಮಾತ್ರ ಯಾಕೆ ಬೇರೆ ನ್ಯಾಯ? ಅಮೆರಿಕದ ಕಾನೂನಿನ ಒಂದು ವಿಚಿತ್ರ ಪ್ರಸಂಗ ಈ ಪ್ರಶ್ನೆಗೆ ಬಲ ಕೊಡುತ್ತದೆ. ಡಿಜಿಟಲ್ ಬೀಗ ಒಡೆಯುವುದನ್ನು ನಿಷೇಧಿಸುವ ಅಲ್ಲಿನ ಕಾಯ್ದೆಯಿಂದ ಮೊಬೈಲ್ ಫೋನ್‌ಗಳಿಗೆ 2010ರಲ್ಲೇ ವಿನಾಯಿತಿ ಸಿಕ್ಕಿತು. 2012ರಲ್ಲಿ ಟ್ಯಾಬ್‌ಗಳಿಗೂ ಬೇಕೆಂದು ಕೇಳಿದಾಗ, ಟ್ಯಾಬ್ಲೆಟ್ ಎಂದರೆ ಯಾವುದು ಎಂಬ ವ್ಯಾಖ್ಯೆಯೇ ಸ್ಪಷ್ಟವಿಲ್ಲವೆಂದು ನಿರಾಕರಿಸಿದರು. 2015ರಲ್ಲಿ ಕೊಟ್ಟರು. ನಡುವಿನ ಮೂರು ವರ್ಷ ಒಂದೇ ತಂತ್ರಾಂಶವಿರುವ ಫೋನಿಗೊಂದು ನ್ಯಾಯ, ಟ್ಯಾಬ್‌ಗೊಂದು ನ್ಯಾಯ! ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಸೆಕ್ಷನ್ ಬೀಗ ಒಡೆದದ್ದಕ್ಕೇ ಶಿಕ್ಷೆ ವಿಧಿಸುವುದಿಲ್ಲ, ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶ ಇರಬೇಕೆನ್ನುತ್ತದೆ. ಈ ಒಂದು ವಿಷಯದಲ್ಲಿ ನಮ್ಮದೇ ವಿವೇಕದ ಕಾನೂನು. ಹಕ್ಕು ಇದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಹಕ್ಕಿದೆ ಎಂಬುದೂ ಚಲಾಯಿಸಿದರೆ ಒಳಿತು ಎಂಬುದೂ ಒಂದೇ ಅಲ್ಲ. ಕಂಪ್ಯೂಟರಿನ ಉದಾಹರಣೆ ಎರಡು ಬದಿಯಲ್ಲೂ ಕೊಯ್ಯುತ್ತದೆ. ಅಲ್ಲಿ ಒಂದು ತಪ್ಪು ಫೈಲ್ ತೆರೆದರೆ ಎಲ್ಲ ದಾಖಲೆಗಳೂ ರ‍್ಯಾನ್ಸಮ್‌ವೇರ್ ಪಾಲಾಗುವುದಕ್ಕೆ ಒಂದು ಮುಖ್ಯ ಕಾರಣ, ಬಳಕೆದಾರರು ಮುಟ್ಟಬಹುದಾದದ್ದನ್ನೆಲ್ಲ ಅವರು ಓಡಿಸುವ ಪ್ರೋಗ್ರಾಮೂ ಮುಟ್ಟಬಹುದು ಎಂಬ ಏರ್ಪಾಡು. ಟ್ಯಾಬ್ ಅದಕ್ಕಿಂತ ಸುರಕ್ಷಿತವಾಗಿರುವುದು ಆ್ಯಪ್‌ಗಳ ನಡುವಿನ ಗೋಡೆಯಿಂದ.

ಎರಡನೆಯ ಆಕ್ಷೇಪ ಅನುಭವಿಗಳದು. 2016ರಲ್ಲಿ ಬಂದ ಮ್ಯಾಜಿಸ್ಕ್ ಸಿಸ್ಟಮ್ ಫೈಲ್‌ಗಳನ್ನು ಮುಟ್ಟದೆಯೇ ರೂಟ್ ಕೊಡುತ್ತದೆ, ಮೂಲ ಸಂಕೇತ ಬಹಿರಂಗವಾಗಿದೆ, ರೂಟ್ ಆಗಿದೆ ಎಂಬುದನ್ನು ಬ್ಯಾಂಕ್ ಆ್ಯಪ್‌ನಿಂದ ಮರೆಮಾಚಲು ಉಪಾಯಗಳಿವೆ ಎನ್ನುತ್ತಾರೆ. ನಿಜ. ಬೇರೆ ಬೇರೆ ದೋಷಗಳಿಂದ ನುಸುಳುವ ರೂಟ್ ಆ್ಯಪ್‌ಗಳಿಗಿಂತ ಮ್ಯಾಜಿಸ್ಕ್ ಎಷ್ಟೋ ಪ್ರಾಮಾಣಿಕ. ಆದರೆ ಮರೆಮಾಚುವ ಆಟದಲ್ಲಿ ಶಾಶ್ವತ ಗೆಲುವಿಲ್ಲ. ಪರೀಕ್ಷೆ ಈಗ ತಂತ್ರಾಂಶದಿಂದ ಇಳಿದು ಚಿಪ್‌ನೊಳಗಿನ ಕೀಲಿಗಳವರೆಗೆ ಹೋಗಿದೆ. ಇವತ್ತು ಕೆಲಸ ಮಾಡಿದ ಉಪಾಯ ಮುಂದಿನ ತಿಂಗಳು ಕೈಕೊಡುತ್ತದೆ, ಅದೂ ವಿದ್ಯುತ್ ಬಿಲ್ ಕಟ್ಟುವ ಕೊನೆಯ ದಿನವೇ ಆಗಬಹುದು. ಈ ಬೆನ್ನಟ್ಟಾಟವನ್ನು ಹವ್ಯಾಸವಾಗಿ ಇಷ್ಟಪಡುವವರಿಗೆ ನನ್ನ ತಕರಾರಿಲ್ಲ. ಮನೆಮಂದಿಯೆಲ್ಲ ಬಳಸುವ ಟ್ಯಾಬ್ ಅದಕ್ಕೆ ಕಣವಾಗಬಾರದು ಎಂಬುದಷ್ಟೇ ಮಾತು.

ಇಲ್ಲಿಯವರೆಗೆ ಹೇಳಿದ್ದು ಕಂಪನಿಗಳ ಪರವಾಗಿ ಕೇಳಿಸಬಹುದು. ಅದು ನನ್ನ ಉದ್ದೇಶವಲ್ಲ. ಭದ್ರತೆಯ ಹೆಸರಿನಲ್ಲಿ ಬೀಗ ಹಾಕುವವರು ಆ ಬೀಗದ ಜೊತೆಗೆ ಬರಬೇಕಾದ ಹೊಣೆಯನ್ನು ಬಹಳ ಕಾಲ ಹೊರಲೇ ಇಲ್ಲ. ಅಗ್ಗದ ಟ್ಯಾಬ್‌ಗಳು ಎರಡು ವರ್ಷಕ್ಕೇ ಅಪ್‌ಡೇಟ್ ಕಾಣದೆ ಅನಾಥವಾದವು. ಬೀಗ ಭದ್ರವಾಗಿದೆ, ಗೋಡೆ ಮಾತ್ರ ಬಿರುಕು ಬಿಟ್ಟಿದೆ ಎಂಬ ಸ್ಥಿತಿ. ಇನ್ನೂ ದೊಡ್ಡ ಅಸಂಗತಿ ಯಾವುದೆಂದರೆ, ವರ್ಷಗಟ್ಟಲೆ ಭದ್ರತಾ ತೇಪೆ ಕಾಣದ ಹಳೆಯ ಟ್ಯಾಬ್ ಬೀಗ ಒಡೆದಿಲ್ಲ ಎಂಬ ಒಂದೇ ಕಾರಣಕ್ಕೆ ಎಷ್ಟೋ ಆ್ಯಪ್‌ಗಳ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಸ್ವಯಂಸೇವಕರು ಹೊಸ ಆಂಡ್ರಾಯ್ಡ್ ಕೂರಿಸಿ ತೇಪೆ ಹಾಕಿದ ಅದೇ ಮಾದರಿ ಫೇಲಾಗುತ್ತದೆ. ಯುರೋಪಿಯನ್ ಒಕ್ಕೂಟ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿಟ್ಟಿದೆ. 2025ರ ಜೂನ್ 20ರಿಂದ ಅಲ್ಲಿ ಜಾರಿಯಾದ ನಿಯಮದಂತೆ ಫೋನ್ ಮತ್ತು ಟ್ಯಾಬ್ ತಯಾರಕರು ಒಂದು ಮಾದರಿಯನ್ನು ಮಾರುಕಟ್ಟೆಗೆ ಬಿಡುವುದು ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕು. ನಮ್ಮಲ್ಲಿಯೂ ಇಂಥದ್ದೊಂದು ಬಂದರೆ ರೂಟ್‌ನ ಅರ್ಧ ಚರ್ಚೆ ತಾನಾಗಿ ನಿಲ್ಲುತ್ತದೆ.

ಅದು ಬರುವತನಕ ಉಳಿದಿರುವ ದಾರಿ ಬೂಟ್‌ಲೋಡರ್ ಅನ್‌ಲಾಕ್. ಗೂಗಲ್‌ನ ನೆಕ್ಸಸ್ 7 ಇದರ ಒಳ್ಳೆಯ ಉದಾಹರಣೆ. 2012ರ ಮಾದರಿಗೆ ಆಂಡ್ರಾಯ್ಡ್ 5 ಬಂದಾಗ ಅದು ಆಮೆಗಿಂತ ನಿಧಾನವಾಯಿತು. ಅಧಿಕೃತ ಆದೇಶವೊಂದರಿಂದಲೇ ಅದರ ಬೀಗ ತೆರೆಯುತ್ತಿದ್ದುದರಿಂದ, ಮತ್ತು ಹಳೆಯ ಆವೃತ್ತಿಯ ಫೈಲುಗಳನ್ನು ಗೂಗಲ್ ತಾನೇ ಪ್ರಕಟಿಸಿದ್ದುದರಿಂದ, ಬೇಕಾದವರು 4.4ಕ್ಕೆ ಹಿಂದಿರುಗಿದರು. 2013ರ ಮಾದರಿಗೆ ಗೂಗಲ್‌ನ ಬೆಂಬಲ 6.0ರ ಸರಣಿಗೇ ನಿಂತಿತು, ಸಯನೋಜೆನ್‌ಮಾಡ್‌ನ ಉತ್ತರಾಧಿಕಾರಿಯಾದ ಲಿನೇಜ್ ಓಎಸ್ ಅದನ್ನು 7ಕ್ಕೂ ಅದರಾಚೆಗೂ ಒಯ್ದಿತು. ಗಮನಿಸಬೇಕಾದ್ದು ಏನೆಂದರೆ ಈ ಕೆಲಸಕ್ಕೆ ರೂಟ್ ಬೇಕಿಲ್ಲ. ರೂಟ್ ಪ್ರಿಯರ ಆಡುಂಬೊಲವೆನಿಸಿದ್ದ ಸಯನೋಜೆನ್‌ಮಾಡ್ ತಂಡವೇ 2012ರಲ್ಲಿ, ತನ್ನ 9ನೇ ಆವೃತ್ತಿಯಿಂದ ರೂಟ್ ತಾನಾಗಿ ತೆರೆದಿರುವುದಿಲ್ಲ, ಹಾಗೆ ತೆರೆದಿಡುವುದು ಭದ್ರತೆಗೆ ಅಪಾಯ ಎಂದು ಪ್ರಕಟಿಸಿತು. ಲಿನೇಜ್ ಓಎಸ್ ಕೂಡ ರೂಟ್ ಇಲ್ಲದೆಯೇ ಬರುತ್ತದೆ. ಇದರಲ್ಲೂ ಕೊರತೆಗಳಿಲ್ಲದಿಲ್ಲ. ಚಿಪ್ ತಯಾರಕರು ತಮ್ಮ ಡ್ರೈವರ್‌ಗಳಿಗೆ ತೇಪೆ ಹಾಕುವುದು ನಿಲ್ಲಿಸಿದ ಮೇಲೆ ಸ್ವಯಂಸೇವಕರು ಮೇಲಿನ ಪದರವನ್ನಷ್ಟೇ ಹೊಸದು ಮಾಡಬಲ್ಲರು, ತಳದ ಬಿರುಕು ಉಳಿಯುತ್ತದೆ. ಆದ್ದರಿಂದ ಹೀಗೆ ಬದುಕಿಸಿಕೊಂಡ ಟ್ಯಾಬ್ ಪುಸ್ತಕ ಓದಲು, ಸಂಗೀತ ಕೇಳಲು, ಮಕ್ಕಳ ಪಾಠದ ವಿಡಿಯೊ ನೋಡಲು ಲಾಯಕ್ಕು, ಬ್ಯಾಂಕಿನ ಕೆಲಸಕ್ಕಲ್ಲ. ಈ ಬಾಗಿಲನ್ನೂ ಮುಚ್ಚುವ ತಯಾರಕರು ಇದ್ದಾರೆ. ಹುವಾವೇ 2018ರಲ್ಲಿ ಅನ್‌ಲಾಕ್ ಸಂಕೇತ ಕೊಡುವುದನ್ನೇ ನಿಲ್ಲಿಸಿತು. ಅಪ್‌ಡೇಟ್ ನಿಲ್ಲಿಸುವ ದಿನವೇ ಬೀಗವನ್ನೂ ಬಿಚ್ಚಿಕೊಡಬೇಕೆಂದು ಗ್ರಾಹಕರು ಕೇಳುವುದರಲ್ಲಿ ಯಾವ ಅತಿಯಾಸೆಯೂ ಇಲ್ಲ.

ಸಂಸ್ಥೆಯಿಂದ ಬಂದ ಟ್ಯಾಬ್‌ಗಳಿಗೆ ಈ ಯಾವ ಲೆಕ್ಕವೂ ನೇರವಾಗಿ ಅನ್ವಯಿಸದು. ಕರ್ನಾಟಕ ಸರ್ಕಾರ 2021ರಲ್ಲಿ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷದಷ್ಟು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿತು. ಕಚೇರಿಗಳೂ ಖಾಸಗಿ ಕಲಿಕಾ ಕಂಪನಿಗಳೂ ಟ್ಯಾಬ್ ಕೊಡುವುದುಂಟು, ಅಂಥವುಗಳಲ್ಲಿ ದೂರದಿಂದ ನಿಯಂತ್ರಿಸುವ ತಂತ್ರಾಂಶವೂ ಇರಬಹುದು. ಟ್ಯಾಬ್ ಯಾರ ಹೆಸರಿನಲ್ಲಿದೆ, ಕೊಟ್ಟವರ ಷರತ್ತೇನು ಎಂದು ನೋಡದೆ ಅಂಥದ್ದಕ್ಕೆ ಕೈಹಾಕಬೇಡಿ.

ಸ್ವಂತದ್ದೇ ಆದ ಹಳೆಯ ಟ್ಯಾಬ್ ಬೀರುವಿನಲ್ಲಿ ಬಿದ್ದಿದ್ದರೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಪೂರ್ತಿ ಮಾಡೆಲ್ ಸಂಖ್ಯೆಯನ್ನೂ ಕೊನೆಯ ಭದ್ರತಾ ತೇಪೆಯ ದಿನಾಂಕವನ್ನೂ ಬರೆದುಕೊಳ್ಳಿ. ತಯಾರಕರು ಅಧಿಕೃತವಾಗಿ ಅನ್‌ಲಾಕ್ ಮಾಡಲು ಬಿಡುತ್ತಾರೆಯೇ, ಲಿನೇಜ್ ಓಎಸ್‌ನ ಸಾಧನಗಳ ಪಟ್ಟಿಯಲ್ಲಿ ಅದೇ ಸಂಖ್ಯೆ ಇದೆಯೇ ಎಂದು ನೋಡಿ. ಎರಡಕ್ಕೂ ಹೌದು ಎಂಬ ಉತ್ತರ ಸಿಕ್ಕರೆ ಫೋಟೊಗಳನ್ನೆಲ್ಲ ಬೇರೆಡೆಗೆ ಸಾಗಿಸಿ, ಬ್ಯಾಟರಿ ತುಂಬಿಸಿ, ಧೈರ್ಯವಾಗಿ ಮುಂದುವರಿಯಿರಿ. ಒಂದಕ್ಕಾದರೂ ಇಲ್ಲ ಎಂದಾದರೆ ಒಂದೇ ಕ್ಲಿಕ್ಕಿನ ಆಮಿಷಕ್ಕೆ ಬೀಳದೆ, ಗೂಗಲ್ ಖಾತೆ ಮತ್ತು ಬ್ಯಾಂಕ್ ಆ್ಯಪ್‌ಗಳನ್ನು ತೆಗೆದು, ಅದನ್ನು ಓದುವುದಕ್ಕಷ್ಟೇ ಇಟ್ಟುಕೊಳ್ಳಿ.